ಮಲೆನಾಡಿನ ತಿರುವಿಗೊಂದು ಸೆಕೆಂಡ್ ಹ್ಯಾಂಡ್ ಕಾರು

ಓಡಿಸುವವರಿಗೆ ಖುಷಿ ಕೊಡಬೇಕೆಂದೇ ಕೆಲವು ಕಾರುಗಳು ತಯಾರಾಗುತ್ತವೆ. ಅದೇ ಗಾತ್ರದ ಸಾಮಾನ್ಯ ಕಾರಿಗಿಂತ ಇವುಗಳ ಇಂಜಿನ್ ಚುರುಕು, ಸಸ್ಪೆನ್ಷನ್ ಬಿಗಿ, ಸ್ಟೇರಿಂಗ್ ನಿಖರ, ಬ್ರೇಕ್ ಬಲವಾದದ್ದು. ಇಂಥವನ್ನು ಪರ್ಫಾರ್ಮೆನ್ಸ್ ಕಾರು ಎನ್ನುತ್ತಾರೆ. ಭಾರತದಲ್ಲಿ ಇಂಥ ಕಾರುಗಳು ಬಂದದ್ದು ಕಡಿಮೆ. ಬಂದವುಗಳಲ್ಲೂ ಹೆಚ್ಚಿನವು ಕೆಲವೇ ವರ್ಷ ಮಾರಾಟವಾಗಿ ನಿಂತುಹೋದವು. ಹೀಗಾಗಿ ಆಸಕ್ತರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೇ ಬರಬೇಕು.

ಕೊಳ್ಳುವವರು ಇಂಥ ಕಾರಿನಲ್ಲಿ ಮೂರು ಗುಣ ಹುಡುಕುತ್ತಾರೆ. ಓಡಿಸಲು ಮಜಾ ಇರಬೇಕು, ದಾರಿಯಲ್ಲಿ ಕೈಕೊಡಬಾರದು, ವರ್ಷ ಕಳೆದಂತೆ ಜನ ಹುಡುಕಿಕೊಂಡು ಬರುವಂಥ ಸಂಗ್ರಹದ ಕಾರಾಗಬೇಕು. ಈ ಮೂರೂ ಒಂದೇ ಕಾರಿನಲ್ಲಿ ಸಿಗುವುದು ಸಾಧ್ಯ. ಆದರೆ ಅದನ್ನು ನಿರ್ಧರಿಸುವುದರಲ್ಲಿ ಮಾಡೆಲ್‌ನ ಹೆಸರಿಗಿಂತ ಎದುರಿಗೆ ನಿಂತ ಆ ಒಂದು ಕಾರಿನ ಸ್ಥಿತಿ ದೊಡ್ಡದು. ಹೆಸರಾಂತ ಮಾಡೆಲ್‌ನ ಸೊರಗಿದ ಕಾರಿಗಿಂತ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾಡೆಲ್‌ನ ಜತನದಿಂದ ಇಟ್ಟ ಕಾರು ಎಲ್ಲ ರೀತಿಯಲ್ಲೂ ಲೇಸು.

ರಸ್ತೆಯೇ ಮೊದಲ ಅಳತೆ

ಯಾವ ಕಾರು ಮಜಾ ಕೊಡುತ್ತದೆ ಎನ್ನುವುದು ಅದು ಓಡುವ ರಸ್ತೆಯನ್ನು ಅವಲಂಬಿಸಿದೆ. ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳಬಹುದು. ಪೂರ್ವದ ಅರಸೀಕೆರೆ ಬಯಲುಸೀಮೆ. ತೆಂಗಿನ ತೋಟಗಳ ನಡುವೆ ರಸ್ತೆಗಳು ನೇರವಾಗಿ ಸಾಗುತ್ತವೆ. ಹಳೇಬೀಡು, ಬೇಲೂರು ದಾಟಿ ಪಶ್ಚಿಮಕ್ಕೆ ಬಂದರೆ ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಹೋಬಳಿಗಳಲ್ಲಿ ಕಾಫಿ ತೋಟಗಳು ಶುರುವಾಗುತ್ತವೆ. ರಸ್ತೆ ಕಿರಿದಾಗುತ್ತದೆ, ತಿರುವು ಹೆಚ್ಚುತ್ತದೆ, ಮರದ ನೆರಳಿನಲ್ಲಿ ಡಾಂಬರು ಬೆಳಗಿನ ಹೊತ್ತು ತೇವವಾಗಿಯೇ ಇರುತ್ತದೆ. ಅಲ್ಲಿಂದ ಮುಂದೆ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ, ಮೂಡಿಗೆರೆ-ಕೊಟ್ಟಿಗೆಹಾರದ ಕಡೆಗೆ ಚಾರ್ಮಾಡಿ ಘಾಟಿ.

ಇಂಥ ರಸ್ತೆಯಲ್ಲಿ ಗಂಟೆಗೆ 200 ಕಿಲೋಮೀಟರ್ ಓಡಬಲ್ಲ ಕಾರಿನ ಶಕ್ತಿಯಲ್ಲಿ ಬಹುಪಾಲು ಬಳಕೆಗೇ ಬರುವುದಿಲ್ಲ. ಇಲ್ಲಿ ಬೇಕಾದದ್ದು ಹಗುರವಾದ ಮೈ, ಎರಡನೇ ಮತ್ತು ಮೂರನೇ ಗೇರಿನಲ್ಲಿ ಕೂಡಲೇ ಸಿಗುವ ಪಿಕಪ್, ಚಕ್ರದ ಕೆಳಗಿನ ನೆಲದ ಸ್ಥಿತಿಯನ್ನು ಕೈಗೆ ತಿಳಿಸುವ ಸ್ಟೇರಿಂಗ್, ಇಳಿಜಾರಿನಲ್ಲಿ ಕಾದು ಸೋಲದ ಬ್ರೇಕ್. ಹಾಗಾಗಿ ಒಟ್ಟು ಅಶ್ವಶಕ್ತಿಗಿಂತ, ಆ ಶಕ್ತಿಯನ್ನು ಕಾರಿನ ತೂಕದಿಂದ ಭಾಗಿಸಿ ನೋಡುವುದು ಸರಿಯಾದ ಲೆಕ್ಕ. ಒಂದು ಟನ್ ತೂಕದ ಕಾರಿಗೆ 100 ಅಶ್ವಶಕ್ತಿ ಇದ್ದರೆ ಮಲೆನಾಡಿನ ರಸ್ತೆಗೆ ಧಾರಾಳವಾಯಿತು. ಒಂದೂವರೆ ಟನ್ನಿನ ಕಾರಿಗೆ 150 ಅಶ್ವಶಕ್ತಿ ಇದ್ದರೂ ಭಾಗಲಬ್ಧ ಅಷ್ಟೇ. ಆದರೆ ಪ್ರತಿ ತಿರುವಿನಲ್ಲೂ ಅರ್ಧ ಟನ್ ಹೆಚ್ಚಿನ ಭಾರವನ್ನು ತಡೆದು ತಿರುಗಿಸುವ ಕೆಲಸ ಟಯರು ಮತ್ತು ಬ್ರೇಕಿನ ಮೇಲೆ ಬೀಳುತ್ತದೆ.

ನೆಲದಿಂದ ಕಾರಿನ ತಳಕ್ಕಿರುವ ಎತ್ತರವೂ ಮುಖ್ಯ. ಮಳೆಗಾಲ ಮುಗಿದ ಮೇಲಿನ ಗುಂಡಿಗಳು, ಊರೂರಿನ ಹಂಪ್‌ಗಳು, ತೋಟದ ಮನೆಗೆ ಹೋಗುವ ಮಣ್ಣಿನ ದಾರಿ ಇವುಗಳ ಮೇಲೆ ತೀರಾ ತಗ್ಗಿನ ಕಾರು ದಿನವೂ ತಳ ಉಜ್ಜಿಕೊಳ್ಳುತ್ತದೆ. ತೆಳ್ಳನೆಯ ಅಂಚಿನ ಟಯರುಗಳಲ್ಲಿ ಚಕ್ರದ ರಿಮ್ ಬಾಗುವುದೂ ಸಾಮಾನ್ಯ.

ಬಿಕ್ಕೋಡು ಸುತ್ತಿನ ರಸ್ತೆಗಳಿಗೆ ಇನ್ನೊಂದು ಮಾತು ಸೇರುತ್ತದೆ. ಇದು ಕಾಡಾನೆಗಳು ಓಡಾಡುವ ಸೀಮೆ. ಮುಸ್ಸಂಜೆಯಿಂದ ಬೆಳಗಿನವರೆಗೆ ತೋಟದಿಂದ ತೋಟಕ್ಕೆ ಹಿಂಡು ರಸ್ತೆ ದಾಟುತ್ತದೆ. ಆ ಹೊತ್ತಿನಲ್ಲಿ ಎಷ್ಟೇ ಚುರುಕಾದ ಕಾರಾದರೂ ಹೆಡ್‌ಲೈಟಿನ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಿಸಲು ಆಗುವ ವೇಗದಲ್ಲೇ ಹೋಗಬೇಕು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಕಾರಿನ ಪೂರ್ಣ ಶಕ್ತಿಯನ್ನು ನೋಡಬಯಸುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಮತ್ತು ಕೊಯಮತ್ತೂರಿನ ರೇಸ್ ಟ್ರ್ಯಾಕ್‌ಗಳಿವೆ.

ತೋಟದ ದಾರಿಯಲ್ಲಿ ಪಳಗಿದ ಕಾರುಗಳು

ಬೇಲೂರಿನ ಪಕ್ಕದ ಚಿಕ್ಕಮಗಳೂರು ಭಾರತದ ರ‍್ಯಾಲಿ ಲೋಕದಲ್ಲಿ ದೊಡ್ಡ ಹೆಸರು. ಕಾಫಿ ತೋಟಗಳ ಒಳಗಿನ ಮಣ್ಣಿನ ರಸ್ತೆಗಳಲ್ಲಿ ಅಲ್ಲಿ ರ‍್ಯಾಲಿಗಳು ನಡೆಯುತ್ತ ಬಂದಿವೆ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತೂ ಅಲ್ಲಿ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು 2013ರಲ್ಲೂ ಆಮೇಲೂ ಗೆದ್ದ ಗೌರವ್ ಗಿಲ್, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟುವಾದರು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯೂ ಹಳೆಯದು, ಹೆಸರಾದದ್ದು.

ರ‍್ಯಾಲಿಗೆ ಆಯ್ಕೆಯಾದ ಕಾರುಗಳ ಪಟ್ಟಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಳ್ಳೆಯ ದಾರಿದೀಪ. ಮಾರುತಿ ಜಿಪ್ಸಿ, ಎಸ್ಟೀಮ್, ಹಳೆಯ ಬಲೆನೊ, ಹೋಂಡಾ ಸಿಟಿ ವಿಟೆಕ್, ಮಿತ್ಸುಬಿಷಿ ಸೀಡಿಯಾ, ಫೋಕ್ಸ್‌ವ್ಯಾಗನ್ ಪೋಲೊ ಇವೆಲ್ಲ ರಾಷ್ಟ್ರೀಯ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿವೆ. ಗಟ್ಟಿಯಾದ ಬಾಡಿ, ಪೆಟ್ಟು ತಡೆಯುವ ಇಂಜಿನ್, ಸುಲಭದ ರಿಪೇರಿ ಇಲ್ಲದ ಕಾರು ಅಲ್ಲಿ ಬಹಳ ಕಾಲ ಬಾಳುವುದಿಲ್ಲ. ಆದರೆ ರ‍್ಯಾಲಿಯಲ್ಲಿ ಓಡಿದ ಕಾರನ್ನೇ ಕೊಳ್ಳುವುದು ಬೇರೆ ವಿಚಾರ. ಅದರ ಬಾಡಿಯ ಬೆಸುಗೆಗಳು ದಣಿದಿರುತ್ತವೆ, ಒಳಗಿನ ಸೀಟು-ಪ್ಯಾನೆಲ್‌ಗಳು ಹೋಗಿರುತ್ತವೆ. ದಾಖಲೆಯುಳ್ಳ ಗೆಲುವಿನ ಇತಿಹಾಸವಿದ್ದರೆ ಮಾತ್ರ ಅಂಥದ್ದಕ್ಕೆ ಸಂಗ್ರಹದ ಬೆಲೆ.

ಮಾರುತಿ ಜಿಪ್ಸಿ

1985ರ ಕೊನೆಯಲ್ಲಿ ಬಂದ ಜಿಪ್ಸಿಗೆ ಮೊದಲು ಇದ್ದದ್ದು 970 ಸಿಸಿಯ, ಸುಮಾರು 45 ಅಶ್ವಶಕ್ತಿಯ ಇಂಜಿನ್. 1996ರಲ್ಲಿ 1.3 ಲೀಟರ್ ಇಂಜಿನ್ನಿನ ಜಿಪ್ಸಿ ಕಿಂಗ್ ಬಂತು. 2000ದ ಸುಮಾರಿಗೆ ಎಂಪಿಎಫ್‌ಐ ಇಂಧನ ವ್ಯವಸ್ಥೆ ಸೇರಿ ಶಕ್ತಿ 80ಕ್ಕೆ ಏರಿತು. ಸುಮಾರು ಒಂದು ಟನ್ ತೂಕ, ಗಟ್ಟಿ ಚಾಸಿ, ನಾಲ್ಕೂ ಕಡೆ ಎಲೆ ಸ್ಪ್ರಿಂಗು, ಬೇಕಾದಾಗ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. ಡಾಂಬರಿನ ಮೇಲೆ ಕುಲುಕಾಟ ಹೆಚ್ಚು. ಮಣ್ಣಿನ ಏರಿನಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಸಾರ್ವಜನಿಕರಿಗೆ ಮಾರಾಟ 2019ರಲ್ಲಿ ನಿಂತಿತು. ಅಂದಿನಿಂದ ಒಳ್ಳೆಯ ಜಿಪ್ಸಿಗೆ ಬೇಡಿಕೆ ಗಟ್ಟಿಯಾಗಿದೆ.

ಕೊಳ್ಳುವಾಗ ಚಾಸಿಯ ಹಿಂಭಾಗ, ಎಲೆ ಸ್ಪ್ರಿಂಗಿನ ಶ್ಯಾಕಲ್ ಕೂರುವ ಜಾಗ, ನೆಲದ ತಗಡು ಇಷ್ಟನ್ನು ಕೆಳಗೆ ಮಲಗಿ ನೋಡಬೇಕು. ಮೇಲೆ ಬಣ್ಣ ಥಳಥಳಿಸುತ್ತಿದ್ದರೂ ತುಕ್ಕು ಶುರುವಾಗುವುದು ಅಲ್ಲಿ. ಸೇನೆಯ ಹರಾಜಿನಿಂದ ಬಂದ ಜಿಪ್ಸಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಹರಾಜಿನ ಕಾಗದ, ಚಾಸಿ ನಂಬರು ಮತ್ತು ಆರ್‌ಸಿ ಮೂರೂ ತಾಳೆಯಾಗದಿದ್ದರೆ ಮುಟ್ಟಬಾರದು.

ಝೆನ್ ಮತ್ತು ಎಸ್ಟೀಮ್

1993ರಲ್ಲಿ ಬಂದ ಮಾರುತಿ ಝೆನ್ ಕಾರಿನ ಇಂಜಿನ್ 993 ಸಿಸಿಯ ಅಲ್ಯೂಮಿನಿಯಂ ಇಂಜಿನ್. ಶಕ್ತಿ ಮೊದಲು 50, ಆಮೇಲೆ 60 ಅಶ್ವಶಕ್ತಿ. ಅಂಕಿ ಚಿಕ್ಕದು, ಆದರೆ ತೂಕ ಮುಕ್ಕಾಲು ಟನ್ನಿನ ಆಸುಪಾಸು. ಬೇಲೂರಿನಿಂದ ಬಿಕ್ಕೋಡಿಗೆ ಹೋಗುವಂಥ ಕಿರಿದಾದ ರಸ್ತೆಯಲ್ಲಿ ಈ ಪುಟ್ಟ ಕಾರು ತಿರುಗುವ ಚುರುಕನ್ನು ಎಷ್ಟೋ ದೊಡ್ಡ ಕಾರುಗಳು ಸರಿಗಟ್ಟಲಾರವು. ಇದೇ ಕಾರನ್ನು ಮಾರುತಿ ಯುರೋಪಿಗೂ ಸುಜುಕಿ ಆಲ್ಟೊ ಎಂಬ ಹೆಸರಿನಲ್ಲಿ ಕಳಿಸುತ್ತಿತ್ತು. 2003ರಲ್ಲಿ ಸೀಮಿತ ಸಂಖ್ಯೆಯಲ್ಲಿ ಬಂದ ಮೂರು ಬಾಗಿಲಿನ ಝೆನ್ ಕಾರ್ಬನ್ ಮತ್ತು ಝೆನ್ ಸ್ಟೀಲ್ ಇಂದು ಸಂಗ್ರಾಹಕರು ಹುಡುಕುವ ಕಾರುಗಳು.

1994ರ ಎಸ್ಟೀಮ್‌ನಲ್ಲಿದ್ದದ್ದು ಜಿಪ್ಸಿ ಕಿಂಗ್‌ನ ಇಂಜಿನ್ ಬಳಗದ್ದೇ 1.3 ಲೀಟರ್ ಇಂಜಿನ್. ಇದರಿಂದ ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ಈ ಇಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಬೇಲೂರು, ಸಕಲೇಶಪುರದಂಥ ಊರುಗಳಲ್ಲೂ ಇದ್ದಾರೆ. ಕಡಿಮೆ ಹಣದಲ್ಲಿ ಮೊದಲ ಬಾರಿಗೆ ಇಂಥ ಕಾರು ಕೊಳ್ಳುವವರಿಗೆ ಇವೆರಡೂ ಧೈರ್ಯವಾಗಿ ಹೇಳಬಹುದಾದ ಹೆಸರುಗಳು.

ಹೋಂಡಾ ಸಿಟಿ ವಿಟೆಕ್

1998ರಲ್ಲಿ ಭಾರತಕ್ಕೆ ಬಂದ ಮೊದಲ ತಲೆಮಾರಿನ ಸಿಟಿಗೆ 2000ದ ದಶಕದ ಆರಂಭದಲ್ಲಿ 1.5 ಲೀಟರಿನ ವಿಟೆಕ್ ಇಂಜಿನ್ ಸೇರಿತು. ಶಕ್ತಿ 106 ಅಶ್ವಶಕ್ತಿ, ತೂಕ ಸುಮಾರು ಒಂದು ಟನ್. ಇಂಜಿನ್ನಿನ ವೇಗ ಏರಿದಾಗ ವಾಲ್ವ್‌ಗಳು ತೆರೆದುಕೊಳ್ಳುವ ಕ್ರಮವನ್ನೇ ಬದಲಿಸುವುದು ವಿಟೆಕ್ ತಂತ್ರ. ಕೆಳಗಿನ ಆರ್‌ಪಿಎಂನಲ್ಲಿ ಇದು ಸಾಧು ಸ್ವಭಾವದ ಮನೆಯ ಕಾರು. ಗೇರು ಬದಲಿಸದೆ ಹಾಗೇ ಎಳೆದರೆ ಇಂಜಿನ್ನಿನ ದನಿ ಗಡಸಾಗಿ ಎರಡನೆಯ ಉಸಿರು ಬಂದಂತೆ ಮುನ್ನುಗ್ಗುತ್ತದೆ. ಗರಿಷ್ಠ ಶಕ್ತಿ ಸಿಗುವುದು 6,800 ಆರ್‌ಪಿಎಂನಲ್ಲಿ. 2003ರಲ್ಲಿ ಬಂದ ಮುಂದಿನ ಸಿಟಿಯ ಮೂಲ ಇಂಜಿನ್ನಿನ ಶಕ್ತಿ 77ಕ್ಕೆ ಇಳಿಯಿತು. ಹೀಗಾಗಿ ಹಳೆಯ ವಿಟೆಕ್‌ನ ಹೆಸರು ಇನ್ನಷ್ಟು ಬೆಳೆಯಿತು.

ಮಜಾ, ನಂಬಿಕೆ, ಸಂಗ್ರಹ ಮೂರನ್ನೂ ಒಟ್ಟಿಗೆ ಕೊಡುವ ಭಾರತದ ಕಾರುಗಳಲ್ಲಿ ಇದಕ್ಕೆ ಮೇಲಿನ ಸ್ಥಾನ ಸಲ್ಲಬೇಕು. ತೊಡಕೆಂದರೆ, ಕಂಪನಿಯ ಸ್ಥಿತಿಯಲ್ಲೇ ಉಳಿದ ವಿಟೆಕ್ ಸಿಗುವುದು ಕಷ್ಟ. ಹೆಚ್ಚಿನವು ಹುಡುಗರ ಕೈಗೆ ಸಿಕ್ಕಿ ಸೈಲೆನ್ಸರ್, ಸ್ಪ್ರಿಂಗು, ಏರ್ ಫಿಲ್ಟರ್ ಎಲ್ಲವನ್ನೂ ಬದಲಿಸಿಕೊಂಡಿವೆ. ಸಾಮಾನ್ಯ ಸಿಟಿಗೆ ವಿಟೆಕ್ ಬ್ಯಾಡ್ಜ್ ಅಂಟಿಸಿ ಮಾರುವುದೂ ಉಂಟು. ಆರ್‌ಸಿಯಲ್ಲಿನ ಮಾಡೆಲ್ ಹೆಸರು ಮತ್ತು ಇಂಜಿನ್ ನಂಬರು ನೋಡಿಯೇ ಮುಂದುವರಿಯಬೇಕು.

ಇಕಾನ್, ಪಾಲಿಯೊ, ಸೀಡಿಯಾ

1999ರ ಫೋರ್ಡ್ ಇಕಾನ್ 1.6ಕ್ಕೆ 92 ಅಶ್ವಶಕ್ತಿ, 2001ರ ಫಿಯೆಟ್ ಪಾಲಿಯೊ 1.6ಕ್ಕೆ ಸುಮಾರು 100, 2006ರ ಮಿತ್ಸುಬಿಷಿ ಸೀಡಿಯಾದ ಎರಡು ಲೀಟರ್ ಇಂಜಿನ್ನಿಗೆ 115. ಮೂರೂ ಓಡಿಸುವವರ ಮೆಚ್ಚಿನ ಕಾರುಗಳು. ಪಾಲಿಯೊದ ಬಾಡಿ ಗಟ್ಟಿ, ರಸ್ತೆ ಹಿಡಿತ ಒಳ್ಳೆಯದು. ಪೆಟ್ರೋಲು ಕುಡಿಯುವುದು ಜಾಸ್ತಿ. ಸಚಿನ್ ತೆಂಡೂಲ್ಕರ್ ಹೆಸರಿನಲ್ಲಿ ಬಂದ ಸೀಮಿತ ಆವೃತ್ತಿಯ ಪಾಲಿಯೊ ಎಸ್10ಗೆ ಬೇರೆಯದೇ ಆಕರ್ಷಣೆಯಿದೆ. ಸೀಡಿಯಾಕ್ಕೆ ರ‍್ಯಾಲಿಯ ಕೀರ್ತಿ ಬೆನ್ನಿಗಿದೆ.

ಈ ಮೂರಕ್ಕೂ ಒಂದೇ ಕೊರತೆ: ಬಿಡಿಭಾಗ. ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಪ್ರಕಟಿಸಿತು. ಫಿಯೆಟ್ ಹೆಸರಿನ ಕಾರುಗಳು ಅದಕ್ಕೂ ಮೊದಲೇ ನಿಂತವು. ಮಿತ್ಸುಬಿಷಿ ಕಾರುಗಳ ಶೋರೂಮುಗಳೂ ಮರೆಯಾದವು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ಆಯಾ ಕಾರಿನ ಅಭಿಮಾನಿಗಳ ಕ್ಲಬ್ಬುಗಳು ಇವೇ ಇಂದು ಆಸರೆ. ಇಂಜಿನ್ನಿನ ಭಾಗಗಳು ಹೇಗೋ ಸಿಗುತ್ತವೆ. ಹೆಡ್‌ಲೈಟು, ಬಂಪರು, ಬಾಗಿಲಿನ ರಬ್ಬರು, ಮುಂಗಾಜು ಇವು ಸಿಗುವುದೇ ಕಷ್ಟ. ಆದ್ದರಿಂದ ಇಂಥ ಕಾರು ಕೊಳ್ಳುವವರು ಇಂಜಿನ್ ಸ್ವಲ್ಪ ಸುಸ್ತಾಗಿದ್ದರೂ ಹೊರಮೈ ಮತ್ತು ಒಳಾಂಗಣ ಪೂರ್ತಿಯಾಗಿರುವ ಕಾರನ್ನು ಆರಿಸುವುದು ಜಾಣತನ.

ಟರ್ಬೊ ಕಾಲದ ಕಾರುಗಳು

2004ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ನಿನ 150 ಅಶ್ವಶಕ್ತಿಯೊಂದಿಗೆ ಭಾರತದ ರಸ್ತೆಗಳಿಗೆ ಹೊಸ ಬಗೆಯ ವೇಗ ತಂದಿತು. ಅದರ ವಾರಸುದಾರರಾಗಿ 2017ರಲ್ಲಿ ಆರ್‌ಎಸ್ 230, 2020ರಲ್ಲಿ ಕೇವಲ 200ರ ಸಂಖ್ಯೆಯಲ್ಲಿ ಆರ್‌ಎಸ್ 245 ಬಂದವು. ಮೂರು ಬಾಗಿಲಿನ, 192 ಅಶ್ವಶಕ್ತಿಯ ಪೋಲೊ ಜಿಟಿಐ 2016ರಲ್ಲಿ ಬಂದದ್ದು 99 ಮಾತ್ರ. 2015ರ ಅಬಾರ್ಥ್ ಪುಂಟೊ 145 ಅಶ್ವಶಕ್ತಿಯ 1.4 ಲೀಟರ್ ಟರ್ಬೊ ಇಂಜಿನ್ನನ್ನು ಹತ್ತು ಲಕ್ಷದೊಳಗಿನ ಶೋರೂಮ್ ಬೆಲೆಗೆ ಕೊಟ್ಟಿತು. 2013ರ ಪೋಲೊ ಜಿಟಿ ಟಿಎಸ್‌ಐ, 2017ರ ಮಾರುತಿ ಬಲೆನೊ ಆರ್‌ಎಸ್ ಇನ್ನೂ ಕೈಗೆಟಕುವ ಹೆಸರುಗಳು.

ಏರುದಾರಿಯಲ್ಲಿ ಟರ್ಬೊ ಕಾರು ಮನಸ್ಸು ಗೆಲ್ಲುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗುವುದರಿಂದ ಪದೇ ಪದೇ ಗೇರು ಇಳಿಸಬೇಕಾಗಿಲ್ಲ. ಆದರೆ ಟರ್ಬೊದ ಶಾಫ್ಟು ಅತಿ ಬಿಸಿಯಲ್ಲಿ, ಇಂಜಿನ್ ಆಯಿಲಿನ ತೆಳು ಪದರದ ಮೇಲೆ ತಿರುಗುವಂಥದ್ದು. ಆಯಿಲು ಬದಲಿಸುವುದನ್ನು ಮುಂದೂಡಿದ ಕಾರಿನಲ್ಲಿ ಮೊದಲು ಸಾಯುವುದು ಅದೇ. ಆದ್ದರಿಂದ ಸರ್ವಿಸ್ ದಾಖಲೆಯಿಲ್ಲದ ಟರ್ಬೊ ಕಾರನ್ನು ಬಿಡುವುದೇ ಕ್ಷೇಮ.

ಪೋಲೊ ಜಿಟಿ ಟಿಎಸ್‌ಐನಲ್ಲಿರುವುದು ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸ್. ಅದು ಗೇರು ಬದಲಿಸುವ ವೇಗ ಅದ್ಭುತ. ನಗರದ ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಕಾದರೆ ಅದರ ಕ್ಲಚ್ಚು ಬೇಗ ಸವೆಯುತ್ತದೆ, ಗೇರು ಬದಲಾವಣೆಯನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೆಟ್ಟರೆ ರಿಪೇರಿ ಖರ್ಚು ದೊಡ್ಡದು. ನಿಂತಲ್ಲಿಂದ ಹೊರಡುವಾಗ ನಡುಗುವುದು, ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಎಳೆದಾಡುವುದು ಇದರ ಮುನ್ಸೂಚನೆ. 2020ರ ನಂತರದ 1.0 ಲೀಟರ್ ಟಿಎಸ್‌ಐ ಪೋಲೊ ಮ್ಯಾನ್ಯುಯಲ್ ಗೇರಿನಲ್ಲೂ ಸಿಗುತ್ತಿತ್ತು. ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಅದು ಹೆಚ್ಚು ನೆಮ್ಮದಿಯ ಆಯ್ಕೆ. ಪೋಲೊ ಮಾರಾಟ 2022ರಲ್ಲಿ ನಿಂತಿತು.

ಸಂಗ್ರಹಯೋಗ್ಯ ಎನಿಸುವುದು ಯಾವಾಗ

ಹಳತಾದ ಮಾತ್ರಕ್ಕೆ ಯಾವ ಕಾರೂ ಸಂಗ್ರಹದ ವಸ್ತುವಾಗುವುದಿಲ್ಲ. ಅದಕ್ಕೆ ನಾಲ್ಕು ಕಾರಣ ಕೂಡಿಬರಬೇಕು. ತಯಾರಾದ ಸಂಖ್ಯೆ ಕಡಿಮೆಯಿರಬೇಕು ಅಥವಾ ಉಳಿದಿರುವ ಸಂಖ್ಯೆ ಕಡಿಮೆಯಿರಬೇಕು. ಒಂದು ತಲೆಮಾರಿನ ನೆನಪಿನಲ್ಲಿ ಆ ಕಾರಿಗೆ ಜಾಗವಿರಬೇಕು; ಕಾಲೇಜು ದಿನಗಳಲ್ಲಿ ಆಸೆಪಟ್ಟ ಕಾರನ್ನು ಜನ ನಲವತ್ತು ದಾಟಿದ ಮೇಲೆ ಕೊಳ್ಳಲು ಬರುತ್ತಾರೆ. ಕಾರು ಕಂಪನಿಯಿಂದ ಬಂದಂತೆಯೇ ಉಳಿದಿರಬೇಕು. ಕೊನೆಯದಾಗಿ, ಅದರ ಬದುಕಿನ ಕಾಗದಗಳು ಕೈಯಲ್ಲಿರಬೇಕು.

ಮೂರನೆಯದು ಕೊಳ್ಳುವವರು ಹೆಚ್ಚಾಗಿ ಮರೆಯುವಂಥದ್ದು. ಮೂಲ ಬಣ್ಣ, ಮೂಲ ಚಕ್ರ, ಮೂಲ ಸೀಟಿನ ಬಟ್ಟೆ, ಮೂಲ ಸ್ಟೀರಿಯೊ ಕೂಡ ಬೆಲೆ ತರುತ್ತವೆ. ಮೊದಲ ಇನ್‌ವಾಯ್ಸು, ಸರ್ವಿಸ್ ಪುಸ್ತಕ, ಎರಡನೇ ಕೀಲಿ, ಮಾಲೀಕರ ಕೈಪಿಡಿ, ಟೂಲ್ ಕಿಟ್ಟು ಇದ್ದರೆ ಅದೇ ಮಾಡೆಲ್‌ನ ಇನ್ನೊಂದು ಕಾರಿಗಿಂತ ಇದು ಒಂದು ಕೈ ಮೇಲು. ಹೊಸ ಚಕ್ರ ಹಾಕಿಸಿಕೊಳ್ಳುವವರೂ ಹಳೆಯ ನಾಲ್ಕನ್ನು ಅಟ್ಟದ ಮೇಲೆ ಜೋಪಾನವಾಗಿ ಇಡಬೇಕು.

ಕಾನೂನಿನ ಕಣ್ಣಿನಲ್ಲಿ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. 2021ರ ಕೇಂದ್ರ ನಿಯಮದಂತೆ ಅಂಥ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನಂಬರು ಸಿಗುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನಬಳಕೆಗೆ ಅವನ್ನು ರಸ್ತೆಗಿಳಿಸುವಂತಿಲ್ಲ. 1985ರ ಮೊದಲ ಜಿಪ್ಸಿಗಳಿಗೂ ಈ ಅರ್ಹತೆ ಬರುವುದು 2035ಕ್ಕೆ. ಇಲ್ಲಿ ಹೇಳಿದ ಕಾರುಗಳೆಲ್ಲ ಸದ್ಯಕ್ಕೆ ಸಾಮಾನ್ಯ ಕಾರಿನ ನಿಯಮಗಳಿಗೇ ಒಳಪಡುತ್ತವೆ. ದಶಕಗಟ್ಟಲೆ ಉಳಿಸಿದ ಕಾರು ಹೇಗಿರುತ್ತದೆ ಎಂದು ಕಣ್ಣಾರೆ ನೋಡಬಯಸುವವರು ಚಾರ್ಮಾಡಿ ಇಳಿದು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಬಹುದು.

ಕಾರನ್ನು ಪರೀಕ್ಷಿಸುವ ಕ್ರಮ

ಪರೀಕ್ಷೆ ಹಗಲು ಬೆಳಕಿನಲ್ಲಿ, ಒಣಗಿದ ಕಾರಿನ ಮೇಲೆ ನಡೆಯಬೇಕು. ಒದ್ದೆ ಮೈ ಎಲ್ಲ ಕಲೆಗಳನ್ನೂ ಮುಚ್ಚುತ್ತದೆ.

ಮೊದಲು ಬಾನೆಟ್ ಎತ್ತಿ ಇಂಜಿನ್ನಿನ ಎರಡು ಪಕ್ಕದ ಆಪ್ರಾನ್ ತಗಡುಗಳನ್ನು ನೋಡಬೇಕು. ಕಂಪನಿಯ ಬೆಸುಗೆಯ ಚುಕ್ಕೆಗಳು ಒಂದೇ ಗಾತ್ರದಲ್ಲಿ, ಒಂದೇ ಅಂತರದಲ್ಲಿ ಸಾಲಾಗಿರುತ್ತವೆ. ಟಿಂಕರಿಂಗ್ ಮಾಡಿಸಿದ ಕಡೆ ಚುಕ್ಕೆಗಳು ಅಡ್ಡಾದಿಡ್ಡಿ, ಮೇಲೆ ದಪ್ಪನೆಯ ಸೀಲೆಂಟು, ಬಣ್ಣದಲ್ಲಿ ಸಣ್ಣ ವ್ಯತ್ಯಾಸ. ಫೆಂಡರಿನ ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಬಂಪರು, ಫೆಂಡರು ಬದಲಾಗಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆಪ್ರಾನು, ಪಿಲ್ಲರು, ಚಾಸಿಗೆ ಪೆಟ್ಟು ಬಿದ್ದಿದ್ದರೆ ಆ ಕಾರು ತಿರುವಿನಲ್ಲಿ ನೆಟ್ಟಗೆ ನಿಲ್ಲದು. ಮಾತುಕತೆ ಅಲ್ಲಿಗೇ ಮುಗಿಯಬೇಕು.

ತುಕ್ಕಿನ ವಿಷಯದಲ್ಲಿ ಕಾರು ಬದುಕಿದ ಊರು ಮುಖ್ಯ. ಅರಸೀಕೆರೆಯ ಒಣಹವೆಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿಗೂ ಬಿಕ್ಕೋಡಿನ ಮಳೆಯಲ್ಲಿ ನಿಂತದ್ದಕ್ಕೂ ಅಡಿಭಾಗದಲ್ಲಿ ಅಜಗಜಾಂತರ. ಕರಾವಳಿಯ ಉಪ್ಪುಗಾಳಿಯಲ್ಲಿದ್ದ ಕಾರಿಗೆ ಇನ್ನಷ್ಟು ಎಚ್ಚರ ಬೇಕು. ಕಾಲಡಿಯ ಮ್ಯಾಟು ಎತ್ತಿ ನೆಲ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಬಾಗಿಲಿನ ಕೆಳ ಅಂಚು, ಸಸ್ಪೆನ್ಷನ್ ಮೇಲ್ತುದಿ ಕೂರುವ ಜಾಗ ಇಷ್ಟನ್ನು ಬೆರಳಿನಿಂದ ಒತ್ತಿ ನೋಡಬೇಕು. ತೋಟದ ಗೋಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇಲಿ ವೈರಿಂಗ್ ಕಡಿದಿರುವುದುಂಟು. ಎಲ್ಲ ದೀಪ, ಪವರ್ ವಿಂಡೋ, ಎಸಿ ಫ್ಯಾನ್ ಒಂದೊಂದಾಗಿ ಹಾಕಿ ನೋಡಬೇಕು.

ಇಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಬರುವುದೇ ಸರಿ. ನೀಲಿ ಹೊಗೆ ಬಂದರೆ ಆಯಿಲು ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟು ಇಂಜಿನ್ನಿನೊಳಗೆ ಸೇರುತ್ತಿರಬಹುದು. ಆಯಿಲ್ ತುಂಬುವ ಮುಚ್ಚಳ ಬಿಚ್ಚಿದಾಗ ಅದರ ಒಳಗೆ ಹಾಲು ಬೆರೆತ ಕಾಫಿಯಂಥ ನೊರೆ ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ತೃಪ್ತಿಯಾದ ಮೇಲೆ ಮೆಕ್ಯಾನಿಕ್ಕಿನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಆರೋಗ್ಯವಂತ ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರಿನಲ್ಲೂ 150 ಪಿಎಸ್‌ಐಗಿಂತ ಹೆಚ್ಚು ಒತ್ತಡ ಇರುತ್ತದೆ. ಸಿಲಿಂಡರುಗಳ ನಡುವಿನ ವ್ಯತ್ಯಾಸ ನೂರಕ್ಕೆ ಹತ್ತನ್ನು ಮೀರಬಾರದು. ಜಿಪ್ಸಿ, ಝೆನ್, ಸಿಟಿ ವಿಟೆಕ್‌ಗಳಿಗೆ ಟೈಮಿಂಗ್ ಬೆಲ್ಟ್ ಇರುವುದರಿಂದ ಅದನ್ನು ಕೊನೆಯ ಬಾರಿ ಬದಲಿಸಿದ ಬಿಲ್ಲು ಕೇಳಬೇಕು. ಬಿಲ್ಲು ಇಲ್ಲದಿದ್ದರೆ ಕೊಂಡ ಕೂಡಲೇ ಹೊಸದು ಹಾಕಿಸಬೇಕು.

ಓಡಿಸಿ ನೋಡುವಾಗ ಒಂದು ಏರು, ಒಂದು ಇಳಿಜಾರು, ಒಂದು ಕೆಟ್ಟ ರಸ್ತೆ ಇರಲೇಬೇಕು. ಏರಿನಲ್ಲಿ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ವೇಗ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಮುಗಿದಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ, ಒಂದು ಕಡೆ ಎಳೆದರೆ ಕ್ಯಾಲಿಪರ್ ಕಚ್ಚಿಕೊಂಡಿದೆ. ಕೆಟ್ಟ ರಸ್ತೆಯಲ್ಲಿ ಕೇಳುವ ಟಕ ಟಕ ಸದ್ದು ಬುಷ್, ಬಾಲ್ ಜಾಯಿಂಟುಗಳದ್ದು. ಇದು ಅಗ್ಗದ ರಿಪೇರಿ, ಬೆಲೆ ಇಳಿಸಿ ಕೇಳಲು ಸಾಕು. ಟಯರಿನ ಪಕ್ಕದ ನಾಲ್ಕಂಕಿಯನ್ನೂ ಓದಬೇಕು: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗೆರೆಗಳು ಆಳವಾಗಿ ಉಳಿದಿದ್ದರೂ ಹಳೆಯ ಟಯರಿನ ರಬ್ಬರು ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ಮೀಟರಿನ ಅಂಕಿಯನ್ನು ಮಾತ್ರ ನಂಬಬಾರದು. ತಿರುಗಿಸಿದ ಮೀಟರುಗಳು ಸಾಮಾನ್ಯ. ಸವೆದ ಕ್ಲಚ್ ಪೆಡಲ್ ರಬ್ಬರು, ನುಣುಪಾದ ಸ್ಟೇರಿಂಗು, ಕುಸಿದ ಡ್ರೈವರ್ ಸೀಟಿನ ಅಂಚು ನಿಜ ಹೇಳುತ್ತವೆ.

ಕಾಗದಪತ್ರ

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಮತ್ತೆ ಏರಿಸಲಾಯಿತು. ಆರ್‌ಸಿಯ ಅವಧಿ ಮುಗಿದ ಕಾರಿಗೆ ಮುಂಗಡ ಕೊಡುವ ಮೊದಲು ಮಾರುವವರಿಂದಲೇ ನವೀಕರಣ ಮಾಡಿಸುವುದು ಒಳ್ಳೆಯದು.

ದೆಹಲಿ ಸುತ್ತಿನಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಮತ್ತು 10 ವರ್ಷ ದಾಟಿದ ಡೀಸೆಲ್ ಕಾರುಗಳ ಓಡಾಟಕ್ಕೆ ಬಂದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಕಡಿಮೆ ಬೆಲೆಗೆ ಬರುತ್ತವೆ. ಬೆಲೆ ನೋಡಿ ಮರುಳಾಗುವ ಮೊದಲು ಎರಡು ಲೆಕ್ಕ ಹಾಕಬೇಕು. ಆ ಊರಿನ ಆರ್‌ಟಿಒ ಎನ್‌ಒಸಿ ಕೊಟ್ಟಿದೆಯೇ ಎನ್ನುವುದು ಒಂದು. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ಹೊಸ ನಂಬರು ಪಡೆದು, ಮೂಲ ಬೆಲೆ ಮತ್ತು ವಯಸ್ಸಿನ ಆಧಾರದ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು ಎನ್ನುವುದು ಎರಡನೆಯದು. ದುಬಾರಿ ಕಾರಿಗೆ ಈ ತೆರಿಗೆಯೇ ಉಳಿತಾಯವನ್ನೆಲ್ಲ ನುಂಗಬಹುದು. ಹಾಸನದ ಕೆಎ-13, ಸಕಲೇಶಪುರದ ಕೆಎ-46, ಚಿಕ್ಕಮಗಳೂರಿನ ಕೆಎ-18 ನಂಬರಿನ ಕಾರು ಸಿಕ್ಕರೆ ಈ ತಾಪತ್ರಯವಿಲ್ಲ. ಹಿಂದಿನ ಮಾಲೀಕರನ್ನು, ಸರ್ವಿಸ್ ಮಾಡಿದವರನ್ನು ಹುಡುಕಿ ಮಾತಾಡಿಸುವುದೂ ಸುಲಭ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲದ ಮೇಲಿದ್ದ ಕಾರಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಸೇರುತ್ತದೆ. ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಕಂಪನಿ ಕೊಟ್ಟ ರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. ಬೇರೆ ಇಂಜಿನ್ ಕೂರಿಸಿದ ಅಥವಾ ಬಣ್ಣ ಬದಲಿಸಿದ ಕಾರಿನಲ್ಲಿ ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಫಿಟ್‌ನೆಸ್ ಪರೀಕ್ಷೆಯಲ್ಲೂ, ಅಪಘಾತದ ಪರಿಹಾರ ಕೇಳುವಾಗಲೂ ತೊಂದರೆ ಖಚಿತ.

ಕೊಂಡ ಮೇಲೆ

ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯಬಾರದು. ನಾಲ್ಕರಲ್ಲಿ ಒಂದು ಪಾಲನ್ನು ಮೊದಲ ವರ್ಷದ ಕೆಲಸಕ್ಕೆ ಎತ್ತಿಡಬೇಕು. ಇಂಜಿನ್ ಆಯಿಲು, ಗೇರ್ ಆಯಿಲು, ಕೂಲೆಂಟು, ಬ್ರೇಕ್ ಆಯಿಲು, ಎಲ್ಲ ಫಿಲ್ಟರುಗಳು, ಬೆಲ್ಟುಗಳು, ಹಳತಾಗಿದ್ದರೆ ಟಯರುಗಳು ಇವನ್ನು ಒಮ್ಮೆಗೇ ಬದಲಿಸಿ ದಿನಾಂಕ, ಕಿಲೋಮೀಟರ್ ಬರೆದಿಟ್ಟರೆ ಕಾರಿನ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಶಕ್ತಿ ಹೆಚ್ಚಿಸುವ ಯೋಚನೆಗಿಂತ ಮೊದಲು ಸಸ್ಪೆನ್ಷನ್ ಬುಷ್‌ಗಳು, ಶಾಕ್ ಅಬ್ಸಾರ್ಬರುಗಳು, ಬ್ರೇಕ್ ಪ್ಯಾಡುಗಳು ಹೊಸದಾಗಲಿ. ಇಪ್ಪತ್ತು ವರ್ಷದ ಝೆನ್ ಅಥವಾ ಸಿಟಿ ಮತ್ತೆ ಚುರುಕಾಗಿ ತಿರುಗಲು ಅನೇಕ ಸಲ ಇಷ್ಟೇ ಸಾಕಾಗುತ್ತದೆ.

ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳು ಇದಕ್ಕೆ ತಯಾರಾದವಲ್ಲ. ಎಥನಾಲನ್ನು ತಾಳಿಕೊಳ್ಳುವ ಪೈಪುಗಳನ್ನು ಹಾಕಿಸಿ, ಇಂಧನದ ವಾಸನೆ ಬರುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಟ್ಯಾಂಕು ತುಂಬಿಸಿಟ್ಟು, ಆ ಪೆಟ್ರೋಲು ಹಳತಾಗುವ ಮುನ್ನ ಓಡಿಸಿ ಖರ್ಚು ಮಾಡುವುದು ಸರಿಯಾದ ರೂಢಿ.

ಮಳೆಗಾಲಕ್ಕೆ ಮೊದಲು ಅಡಿಭಾಗಕ್ಕೆ ತುಕ್ಕುನಿರೋಧಕ ಲೇಪನ, ಮಳೆ ನಿಂತ ಮೇಲೆ ಕೆಸರೆಲ್ಲ ತೊಳೆದು ಒಣಗಿಸುವುದು, ಗಾಳಿಯಾಡುವ ಶೆಡ್ಡಿನಲ್ಲಿ ಸಿಮೆಂಟು ನೆಲದ ಮೇಲೆ ನಿಲ್ಲಿಸುವುದು ಇವು ಹೆಚ್ಚು ಖರ್ಚಿಲ್ಲದ ಆರೈಕೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಬಟ್ಟೆಯ ಹೊದಿಕೆ ಒಳ್ಳೆಯದು. ಎರಡು ವಾರಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆರಿಸಿದರೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರು ಉಳಿದು ಲಾಭಕ್ಕಿಂತ ಕೇಡೇ ಹೆಚ್ಚು. ಟರ್ಬೊ ಕಾರನ್ನು ಘಾಟಿ ಹತ್ತಿಸಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಬೇಕು. ಪ್ರತಿ ಬಿಲ್ಲನ್ನೂ ಒಂದು ಫೈಲಿಗೆ ಸೇರಿಸುತ್ತ ಹೋದರೆ, ಮುಂದೆ ಅದನ್ನು ಕೊಳ್ಳಲು ಬರುವವರಿಗೆ ಬೇಕಾದ ಸಾಕ್ಷ್ಯವೂ ತಾನಾಗಿ ಬೆಳೆಯುತ್ತದೆ.